ಮೂರು ಊರು, ಮೂರು ಗಡಿಯಾರ: ಎಂಟು ತಿಂಗಳ ಕೆಲಸ ನಾಲ್ಕಕ್ಕೆ ಇಳಿದೀತೇ?

ಪ್ರಶ್ನೆ: ಮಂಗಳೂರಿನಲ್ಲಿ 11 ಜನರ ಸಾಫ್ಟ್‌ವೇರ್ ತಂಡ ನಡೆಸುತ್ತಿದ್ದೇನೆ. ನಮ್ಮ ಕ್ಲೈಂಟ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯವರು. ಅಲ್ಲಿ ಅವರದೇ 5 ಡೆವಲಪರ್‌ಗಳಿದ್ದಾರೆ, ಪೋಲೆಂಡಿನ ಕ್ರಾಕೋವ್‌ನಲ್ಲಿ 4 ಟೆಸ್ಟರ್‌ಗಳಿದ್ದಾರೆ. ಗೋದಾಮುಗಳ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೊಸದಾಗಿ ಬರೆಯಬೇಕಿದೆ; ನಾವು 8 ತಿಂಗಳ ಅಂದಾಜು ಕೊಟ್ಟಿದ್ದೆವು. ಈಗ ಬಂದಿರುವ ಹೊಸ ಮ್ಯಾನೇಜರ್, "ಮೂರು ಕಡೆ ಜನ ಇದ್ದಾರೆ, ನಿಮ್ಮ ಸಂಜೆ ಅವರು ಹಿಡಿಯಲಿ, ಅವರ ಸಂಜೆ ಇವರು ಹಿಡಿಯಲಿ, 24 ಗಂಟೆ ಕೆಲಸ ನಡೆದರೆ 4 ತಿಂಗಳು ಸಾಕು" ಎನ್ನುತ್ತಿದ್ದಾರೆ. ಇದು ಆಗುವ ಮಾತೇ? ಶಿಫ್ಟ್ ಬದಲಿಸಬೇಕೇ? ಈಗಾಗಲೇ ಅರ್ಧ ತಂಡ ವಾರಕ್ಕೆ ನಾಲ್ಕು ರಾತ್ರಿ ಹತ್ತು ಗಂಟೆಯ ಕಾಲ್‌ನಲ್ಲಿ ಕೂರುತ್ತಿದೆ. ಒಬ್ಬರು ಇದೇ ಕಾರಣಕ್ಕೆ ಕೆಲಸ ಬಿಟ್ಟರು. ಇನ್ನಿಬ್ಬರಿಗೆ ಪುಟ್ಟ ಮಕ್ಕಳಿದ್ದಾರೆ, ಅವರೂ ಬಿಡುವ ಮಾತಾಡುತ್ತಿದ್ದಾರೆ. ಕ್ಲೈಂಟ್‌ಗೆ ಏನು ಉತ್ತರ ಕೊಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, 24 ಗಂಟೆಯ ಲೆಕ್ಕ ನಿಜವೇ ಎನ್ನುವುದು. ಇನ್ನೊಂದು, ನಿಜವಾದರೂ ಅದರ ಭಾರ ಹೊರುವವರು ಯಾರು ಎನ್ನುವುದು. ಮೊದಲನೆಯದಕ್ಕೆ ಉತ್ತರ ಚುಟುಕಾಗಿ ಹೇಳಬಹುದು: ಕೆಲವು ಬಗೆಯ ಕೆಲಸಕ್ಕೆ ನಿಜ, ನಿಮ್ಮ ಕ್ಲೈಂಟ್ ಹೇಳುತ್ತಿರುವ ಬಗೆಯ ಕೆಲಸಕ್ಕೆ ಬಹುತೇಕ ಸುಳ್ಳು. ಯಾವುದು ಯಾವುದೆಂದು ಬಿಡಿಸಿ ನೋಡೋಣ.

ಮೊದಲು ಗಡಿಯಾರವನ್ನೇ ನೋಡಿ. "ಮೂರು ಕಡೆ ಜನ ಇದ್ದರೆ 24 ಗಂಟೆ" ಎನ್ನುವವರು ನಕ್ಷೆ ನೋಡಿ ಮಾತಾಡುತ್ತಾರೆ, ಗಡಿಯಾರ ನೋಡಿರುವುದಿಲ್ಲ. ಅಮೆರಿಕ, ಯುರೋಪುಗಳಲ್ಲಿ ಬೇಸಿಗೆ ಗಡಿಯಾರ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ನಡೆಯುವ ತಿಂಗಳುಗಳಲ್ಲಿ ಸ್ಯಾನ್ ಹೋಸೆ ನಮಗಿಂತ 12 ಗಂಟೆ 30 ನಿಮಿಷ ಹಿಂದಿರುತ್ತದೆ, ಕ್ರಾಕೋವ್ 3 ಗಂಟೆ 30 ನಿಮಿಷ ಹಿಂದೆ. ನಿಮ್ಮ ಆಫೀಸು ಬೆಳಿಗ್ಗೆ 9:30ರಿಂದ ಸಂಜೆ 6:30 ಎಂದಿಟ್ಟುಕೊಳ್ಳಿ. ಕ್ರಾಕೋವ್‌ನವರ 9ರಿಂದ 5 ಅಂದರೆ ನಮ್ಮ ಮಧ್ಯಾಹ್ನ 12:30ರಿಂದ ರಾತ್ರಿ 8:30. ಸ್ಯಾನ್ ಹೋಸೆಯ 9ರಿಂದ 6 ಅಂದರೆ ನಮ್ಮ ರಾತ್ರಿ 9:30ರಿಂದ ಮರುದಿನ ಬೆಳಿಗ್ಗೆ 6:30.

ಈಗ ಕೂಡಿಸಿ. ಬೆಳಿಗ್ಗೆ 6:30ರಿಂದ 9:30ರವರೆಗೆ ಮೂರು ಗಂಟೆ ಯಾರೂ ಇಲ್ಲ. ರಾತ್ರಿ 8:30ರಿಂದ 9:30ರವರೆಗೆ ಒಂದು ಗಂಟೆ ಯಾರೂ ಇಲ್ಲ. ಅಲ್ಲಿಗೆ 24 ಎಂದದ್ದು 20ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ನೀವೂ ಕ್ರಾಕೋವ್‌ನವರೂ ದಿನಕ್ಕೆ ಆರು ಗಂಟೆ ಒಟ್ಟೊಟ್ಟಿಗೇ ಕೂತಿರುತ್ತೀರಿ. ನೀವು ಸಂಜೆ 6:30ಕ್ಕೆ ಕೆಲಸ ಕೈಬಿಟ್ಟು ಅವರ ಕೈಗಿಟ್ಟರೆ ಅವರ ದಿನದಲ್ಲಿ ಉಳಿದಿರುವುದು ಎರಡೇ ಗಂಟೆ. ಸ್ಯಾನ್ ಹೋಸೆಯ ಜೊತೆಗೆ ನಿಮಗೆ ಒಂದು ನಿಮಿಷವೂ ಒಟ್ಟಿಗೆ ಸಿಗುವುದಿಲ್ಲ. ಅಂದರೆ ಒಂದು ಕಡೆ ಅತಿಯಾದ ಒಡನಾಟ, ಇನ್ನೊಂದು ಕಡೆ ಏನೂ ಇಲ್ಲ. ಚಳಿಗಾಲದಲ್ಲಿ ಎರಡೂ ಊರುಗಳ ಅಂತರ ಒಂದೊಂದು ಗಂಟೆ ಹೆಚ್ಚುತ್ತದೆ (13:30 ಮತ್ತು 4:30). ಲೆಕ್ಕ ಅಷ್ಟಿಷ್ಟು ಸರಿದರೂ ಚಿತ್ರ ಬದಲಾಗುವುದಿಲ್ಲ.

ಹಾಗಾದರೆ ಈ ಕಲ್ಪನೆಯೇ ಬೊಗಳೆಯೇ? ಅಲ್ಲ. ಬೆಂಗಳೂರಿನಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದೊಂದಿಗೆ ಬಂದಂದಿನಿಂದ ನಮ್ಮ ರಾಜ್ಯದ ಈ ಉದ್ಯಮ ಬೆಳೆದದ್ದರಲ್ಲಿ ಹಗಲು-ರಾತ್ರಿಯ ಈ ಅಂತರಕ್ಕೂ ಪಾಲಿದೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ನೆನಪಿಸಿಕೊಳ್ಳಿ. ಅಮೆರಿಕದ ಡಾಕ್ಟರು ಸಂಜೆ ರೋಗಿಯ ವಿವರವನ್ನು ಮಾತಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಹೋಗುತ್ತಿದ್ದರು, ನಮ್ಮವರು ಹಗಲಿನಲ್ಲಿ ಟೈಪ್ ಮಾಡುತ್ತಿದ್ದರು, ಡಾಕ್ಟರು ಬೆಳಿಗ್ಗೆ ಬರುವಷ್ಟರಲ್ಲಿ ಕಡತ ಸಿದ್ಧ. ಅದು ಚೆನ್ನಾಗಿ ನಡೆಯಿತು. ಏಕೆಂದರೆ ಒಂದೊಂದು ರೆಕಾರ್ಡಿಂಗೂ ಪೂರ್ಣ, ಬಿಡಿ, ಚಿಕ್ಕದು. ಟೈಪ್ ಮಾಡುವವರಿಗೆ ಡಾಕ್ಟರ ತಲೆಯಲ್ಲಿ ಇನ್ನೇನಿತ್ತು ಎಂದು ತಿಳಿಯುವ ಅಗತ್ಯವಿರಲಿಲ್ಲ.

ಇಲ್ಲಿಯೇ ಎರಡು ಬಗೆಯ ಕೆಲಸಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದನ್ನು ಸಾಲಿನ ಕೆಲಸ ಅನ್ನೋಣ, ಇನ್ನೊಂದನ್ನು ಎಳೆಯ ಕೆಲಸ.

ಸಾಲಿನ ಕೆಲಸ ಎಂದರೆ ಕ್ಯೂನಲ್ಲಿ ಬಂದು ನಿಲ್ಲುವಂಥದ್ದು: ಗ್ರಾಹಕರ ದೂರುಗಳು, ಸರ್ವರ್ ಮೇಲಿನ ನಿಗಾ, ಟೆಸ್ಟ್ ಓಡಿಸುವುದು, ಡೇಟಾ ತಿದ್ದುವುದು. ಒಂದನ್ನು ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳಬಹುದು; ಯಾರು ಎತ್ತಿಕೊಂಡರೂ ನಡೆಯುತ್ತದೆ. ಎಳೆಯ ಕೆಲಸ ಎಂದರೆ ಒಬ್ಬರ ತಲೆಯಲ್ಲಿ ಹಿಡಿದಿಟ್ಟು ಮುಂದುವರಿಸಬೇಕಾದದ್ದು: ಬಿಲ್ಲಿಂಗ್ ನಿಯಮಗಳ ವಿನ್ಯಾಸ, ಡೇಟಾಬೇಸ್ ರಚನೆ, ಕಗ್ಗಂಟಾದ ಬಗ್ ಒಂದರ ಬೆನ್ನುಹತ್ತುವುದು. ಮೈಸೂರು ಪಾಕಿಗೆ ಸಕ್ಕರೆ ಪಾಕ ಒಲೆಗಿಟ್ಟವರೇ ಎಳೆ ನೋಡಿ ಇಳಿಸಬೇಕು. ನಡುವೆ ಸೌಟು ಬೇರೆಯವರ ಕೈಗೆ ಕೊಟ್ಟು "ಇನ್ನು ಸ್ವಲ್ಪ ಆಗಬೇಕು" ಎಂದು ಹೊರಟರೆ ಆ "ಸ್ವಲ್ಪ" ಎಷ್ಟು ಎಂಬುದು ಹೊರಟವರ ಜೊತೆಗೇ ಹೋಗಿರುತ್ತದೆ.

ಐಬಿಎಂ 1990ರ ದಶಕದಲ್ಲಿ ಅಮೆರಿಕದ ನಿರ್ವಹಣೆಯಲ್ಲಿ ಭಾರತ, ಚೀನಾ, ಬೆಲಾರುಸ್, ಲಾಟ್ವಿಯಾಗಳ ತಂಡಗಳನ್ನು ಹೀಗೆ ದಿನದಿನವೂ ಕೆಲಸ ದಾಟಿಸುವ ಉದ್ದೇಶದಿಂದಲೇ ಕಟ್ಟಿತ್ತು. ದಿನವೂ ದಾಟಿಸುವ ಪದ್ಧತಿ ಅಲ್ಲೂ ನಿಲ್ಲಲಿಲ್ಲ. ತಂಡಗಳು ಉಳಿದವು, ದಾಟಿಸುವುದು ಬಿಟ್ಟುಹೋಯಿತು. ನಿಮ್ಮ ಕ್ಲೈಂಟ್ ಕೇಳುತ್ತಿರುವುದು ಅದನ್ನೇ.

ಕೈಬದಲಾವಣೆಯ ಬೆಲೆ

ನಷ್ಟ ಎಲ್ಲಿ ಆಗುತ್ತದೆ ಎಂದರೆ, ಕೆಲಸ ಕೈ ಬದಲಿಸುವ ಜಾಗದಲ್ಲಿ. ಅದಕ್ಕೆ ಎರಡು ಮುಖ.

ಒಂದು ಕಣ್ಣಿಗೆ ಕಾಣುವ ಖರ್ಚು. ಹೊರಡುವವರು ಸರಿಯಾದ ಟಿಪ್ಪಣಿ ಬರೆಯಲು 20ರಿಂದ 30 ನಿಮಿಷ, ಬರುವವರು ಅದನ್ನು ಓದಿ, ಕೋಡ್ ಇಳಿಸಿಕೊಂಡು, ನಿಂತಲ್ಲಿಗೆ ತಲುಪಲು ಇನ್ನೊಂದು ಅರ್ಧ ಗಂಟೆ. ಒಂದು ದಾಟುವಿಕೆಗೆ ಒಂದು ಗಂಟೆ ಎಂದು ಹಿಡಿಯಿರಿ. ದಿನಕ್ಕೆ ಮೂರು ದಾಟುವಿಕೆಗೆ ಮೂರು ಗಂಟೆ. 20 ಎಂದದ್ದು 17 ಆಯಿತು. ಊಟ, ದಿನದ ಸ್ಟ್ಯಾಂಡಪ್ ಸಭೆ, ಮೀಟಿಂಗುಗಳನ್ನು ಕಳೆಯುವುದು ನಿಮಗೇ ಬಿಟ್ಟದ್ದು.

ಇನ್ನೊಂದು ಕಾಣದ ಖರ್ಚು, ಅದೇ ದೊಡ್ಡದು. ನಿಮ್ಮ ಡೆವಲಪರ್‌ಗೆ ಮಂಗಳವಾರ ಬೆಳಿಗ್ಗೆ 11ಕ್ಕೆ ಒಂದು ಸಂಶಯ: "ಗೋದಾಮಿನ ಬಾಡಿಗೆಯನ್ನು ತಿಂಗಳ ನಡುವೆ ಬಿಟ್ಟವರಿಗೆ ದಿನದ ಲೆಕ್ಕವೇ, ವಾರದ ಲೆಕ್ಕವೇ?" ಸ್ಯಾನ್ ಹೋಸೆಯಲ್ಲಿ ಆಗ ಸೋಮವಾರ ರಾತ್ರಿ 10:30. ಅವರು ಪ್ರಶ್ನೆ ನೋಡುವುದು ನಮ್ಮ ರಾತ್ರಿ 9:30ಕ್ಕೆ. ತಕ್ಷಣ ಉತ್ತರಿಸಿದರೂ ನಿಮ್ಮವರು ಓದುವುದು ಬುಧವಾರ 9:30ಕ್ಕೆ. ಅಂದರೆ 22 ಗಂಟೆ 30 ನಿಮಿಷ. ಉತ್ತರ ಅರ್ಥವಾಗದೆ ಇನ್ನೊಂದು ಪ್ರಶ್ನೆ ಕೇಳಿದರೆ ಗುರುವಾರ. ಅದೇ ಪ್ರಶ್ನೆಯನ್ನು ಶುಕ್ರವಾರ 11ಕ್ಕೆ ಕೇಳಿದ್ದರೆ ಉತ್ತರ ಕೈಗೆ ಸಿಗುವುದು ಸೋಮವಾರ ಬೆಳಿಗ್ಗೆ, 70 ಗಂಟೆ 30 ನಿಮಿಷದ ಮೇಲೆ. ಒಂದೇ ಕೋಣೆಯಲ್ಲಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಮಾತು.

ಸಂಶಯ ಕೇಳದೆ ಊಹಿಸಿಕೊಂಡು ಬರೆದುಬಿಡುವವರೂ ಇರುತ್ತಾರೆ. ನಮ್ಮ ತಂಡಗಳಲ್ಲಿ ಇದು ಕಡಿಮೆಯೇನಲ್ಲ. ಕ್ಲೈಂಟ್‌ಗೆ ಮತ್ತೆ ಮತ್ತೆ ಪ್ರಶ್ನೆ ಕೇಳಿದರೆ ದಡ್ಡರಂತೆ ಕಾಣುತ್ತೇವೆಂಬ ಅಳುಕು. ಆ ಊಹೆ ತಪ್ಪಾದರೆ ಅದು ಎರಡು ವಾರ ಬಿಟ್ಟು ಟೆಸ್ಟಿಂಗ್‌ನಲ್ಲಿ ಹೊರಬರುತ್ತದೆ.

ಸರಳ ಗುಣಾಕಾರ ಮಾಡಿ ನೋಡಿ. ಒಂದು ದಾಟುವಿಕೆ ಯಾವ ಗೊಂದಲವೂ ಇಲ್ಲದೆ ಸಾಗುವ ಸಾಧ್ಯತೆ ಹತ್ತಕ್ಕೆ ಎಂಟು ಎಂದಿರಲಿ. ಮೂರೂ ಸರಿಹೋಗುವ ಸಾಧ್ಯತೆ 0.8ರ ಘನ, ಅಂದರೆ 0.51. ಎರಡು ದಿನಕ್ಕೊಮ್ಮೆ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ, ತುಂಡಾದಾಗಲೆಲ್ಲ ಒಂದು ದಿನ ಹೋಗುತ್ತದೆ. ಇಪ್ಪತ್ತಕ್ಕೆ ಹತ್ತೊಂಬತ್ತು ಸರಿಹೋದರೆ ಮೂರೂ ದಾಟುವ ಸಾಧ್ಯತೆ 0.86ಕ್ಕೆ ಏರುತ್ತದೆ. ಗಡಿಯಾರದಲ್ಲಿ ಇನ್ನೊಂದು ಊರು ಸೇರಿಸುವುದಕ್ಕಿಂತ ಟಿಪ್ಪಣಿ ಸರಿಮಾಡಿಕೊಳ್ಳುವುದರಿಂದ ಸಿಗುವ ಲಾಭ ದೊಡ್ಡದು.

ಯಾವ ದಾರಿ ಹಿಡಿಯಬಹುದು

ನನ್ನ ಮಟ್ಟಿಗೆ ನಿಮ್ಮ ಮುಂದಿರುವ ದಾರಿಗಳಲ್ಲಿ ತೀರ ಕೆಟ್ಟದ್ದು, ನೀವು ಆಯ್ಕೆ ಮಾಡಿಕೊಳ್ಳದಿದ್ದರೂ ಈಗಾಗಲೇ ನಡೆಯುತ್ತಿರುವುದು: ಹಗಲಿಡೀ ಆಫೀಸು, ರಾತ್ರಿ ಹತ್ತಕ್ಕೆ ಮತ್ತೆ ಕಾಲ್. ಇದು ಹಗಲು ಪಾಳಿಯೂ ಅಲ್ಲ, ರಾತ್ರಿ ಪಾಳಿಯೂ ಅಲ್ಲ. ರಾತ್ರಿ ಪಾಳಿಯವರಿಗೆ ಭತ್ಯೆ, ಗಾಡಿ, ಮರುದಿನದ ವಿರಾಮವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಜನ ಬಿಟ್ಟುಹೋಗುವುದು ಕೆಲಸ ಹೆಚ್ಚೆಂದಲ್ಲ, ದಿನ ಯಾವಾಗ ಮುಗಿಯಿತು ಎಂಬುದೇ ತಿಳಿಯದ್ದಕ್ಕೆ.

ಇಡೀ ತಂಡವನ್ನು ರಾತ್ರಿ ಪಾಳಿಗೆ ಹಾಕಿ ಸ್ಯಾನ್ ಹೋಸೆಯ ಗಡಿಯಾರಕ್ಕೆ ಹೊಂದಿಸುವುದು ಇನ್ನೊಂದು ದಾರಿ. ಇದರಿಂದ ಪ್ರಶ್ನೋತ್ತರದ ವಿಳಂಬ ಪೂರ್ತಿ ಹೋಗುತ್ತದೆ, ಆದರೆ 24 ಗಂಟೆಯ ಲಾಭವೂ ಪೂರ್ತಿ ಹೋಗುತ್ತದೆ, ಎರಡೂ ಊರಿನ ಡೆವಲಪರ್‌ಗಳು ಒಂದೇ ಹೊತ್ತಿಗೆ ಕೂತಿರುತ್ತಾರಲ್ಲ! ದೀರ್ಘಕಾಲದ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಕಾನೂನೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ, ಅದರ ಮೇಲಿನ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬ ನಿಯಮಗಳಿವೆ. ಮಹಿಳೆಯರು ರಾತ್ರಿ ಕೆಲಸ ಮಾಡುವುದಾದರೆ ಅವರ ಲಿಖಿತ ಒಪ್ಪಿಗೆ, ಮನೆಯಿಂದ ಮನೆಗೆ ಸಾರಿಗೆ, ಭದ್ರತೆ ಬೇಕು. ಇವುಗಳಲ್ಲಿ ಬದಲಾವಣೆಯ ಮಾತು ಆಗಾಗ ಬರುತ್ತಿರುತ್ತದೆ, ಆದ್ದರಿಂದ ನಿರ್ಧಾರಕ್ಕೆ ಮುನ್ನ ನಿಮ್ಮ ಕಾರ್ಮಿಕ ಸಲಹೆಗಾರರಿಂದ ಸದ್ಯದ ಸ್ಥಿತಿ ಕೇಳಿಕೊಳ್ಳಿ. ಹೊಸದಾಗಿ ಬರೆಯುವ ಸಾಫ್ಟ್‌ವೇರ್‌ಗೆ ನಾನು ಈ ದಾರಿಯನ್ನು ಹೇಳುವುದಿಲ್ಲ.

ನಾನು ಹೇಳುವುದು ಎರಡರ ಬೆರಕೆ. ಎಳೆಯ ಕೆಲಸವನ್ನು ಊರಿನ ಪ್ರಕಾರ ಹಂಚಿ, ಗಂಟೆಯ ಪ್ರಕಾರ ಬೇಡ. ಬಾಡಿಗೆ ಲೆಕ್ಕ, ಇನ್‌ವಾಯ್ಸ್, ತೆರಿಗೆ ಇಷ್ಟೂ ಮಂಗಳೂರಿನದೇ ಹೊಣೆ ಎಂದಿರಲಿ. ವಿನ್ಯಾಸದಿಂದ ಬಿಡುಗಡೆಯವರೆಗೆ ಬೇರೆಯವರು ಕೈಹಾಕಬಾರದು. ಗ್ರಾಹಕರ ಲಾಗಿನ್, ಹಳೆಯ ವ್ಯವಸ್ಥೆಯಿಂದ ಡೇಟಾ ತರುವುದು ಸ್ಯಾನ್ ಹೋಸೆಯ ಪಾಲು. ಎರಡು ಪಾಲುಗಳು ಕೂಡುವ ಜಾಗದ ಒಪ್ಪಂದವನ್ನು, ಅಂದರೆ ಎಪಿಐ ಹೇಗಿರಬೇಕೆಂಬುದನ್ನು, ಮೊದಲ ಎರಡು ವಾರದಲ್ಲೇ ಬರೆದು ಗಟ್ಟಿ ಮಾಡಿ. ಇದರ ಅಪಾಯವೆಂದರೆ ಕೊನೆಗೆ ಜೋಡಿಸುವಾಗ ಎರಡೂ ಹೊಂದದಿರುವುದು. ಅದಕ್ಕೆ ಮೊದಲ ತಿಂಗಳಿನಿಂದಲೇ ದಿನವೂ ಒಮ್ಮೆ ಎರಡನ್ನೂ ಕೂಡಿಸಿ ಬಿಲ್ಡ್ (ಓಡಿಸಿ ನೋಡಬಹುದಾದ ಪ್ರತಿ) ಮಾಡಬೇಕು. ಪೊಳ್ಳು ಡೇಟಾ ಇದ್ದರೂ ಪರವಾಗಿಲ್ಲ.

ಸೂರ್ಯನನ್ನು ಹಿಂಬಾಲಿಸುವ, ಅಂದರೆ ಊರಿಂದ ಊರಿಗೆ ಕೆಲಸ ದಾಟಿಸುವ, ಆಟವನ್ನು ಟೆಸ್ಟಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಬಿಡುಗಡೆಯಾದ ಮೇಲೆ ದೂರುಗಳ ಸಾಲಿಗೂ ಇದು ಸರಿ.

ಟೆಸ್ಟಿಂಗ್ ಬಿಲ್ಡ್ ಮಧ್ಯಾಹ್ನ ಹೊರಡಲಿ

ನಿಮ್ಮಂಥ ತಂಡಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದು: ದಿನದ ಕೆಲಸವೆಲ್ಲ ಮುಗಿಸಿ ಸಂಜೆ 6ಕ್ಕೆ ಬಿಲ್ಡ್ ಕಳಿಸುವುದು. ಕ್ರಾಕೋವ್‌ನಲ್ಲಿ ಆಗ ಮಧ್ಯಾಹ್ನ 2:30. ಉಳಿದ ಎರಡೂವರೆ ಗಂಟೆಯಲ್ಲಿ ಪರೀಕ್ಷೆ ಅರ್ಧವಾಗುತ್ತದೆ, ಮಿಕ್ಕದ್ದು ಮರುದಿನ ನಮ್ಮ 12:30ಕ್ಕೆ ಶುರು. ಫಲಿತಾಂಶ ನಿಮ್ಮ ಕೈಗೆ ಬರುವಾಗ ಮರುದಿನದ ಸಂಜೆ.

ಬಿಲ್ಡ್ ಅನ್ನು ಮಧ್ಯಾಹ್ನ 12ಕ್ಕೆ ಕತ್ತರಿಸಿ ಕಳಿಸಿ. ಚಳಿಗಾಲದಲ್ಲಿ 1ಕ್ಕೆ. ಕ್ರಾಕೋವ್‌ನವರು ಬೆಳಿಗ್ಗೆ 9ಕ್ಕೆ ಕೂತಾಗ ಅದು ಸಿದ್ಧವಿರುತ್ತದೆ. ಅವರ 9ರಿಂದ 1ರವರೆಗಿನ ಪರೀಕ್ಷೆಯ ಫಲಿತಾಂಶ ಬೇಸಿಗೆಯಲ್ಲಿ ನಮ್ಮ ಸಂಜೆ 4:30ಕ್ಕೆ ಬರುತ್ತದೆ. ಇನ್ನೂ ಎರಡು ಗಂಟೆ ಇದೆ, ಫೋನ್ ಎತ್ತಿ ಕೇಳಬಹುದು, ಚಿಕ್ಕ ಬಗ್ ಆ ದಿನವೇ ಮುಚ್ಚಬಹುದು. ಒಂದು ರೂಪಾಯಿ ಖರ್ಚಿಲ್ಲದೆ ಬಗ್ ಒಂದರ ಸುತ್ತು ಒಂದು ದಿನ ಕಡಿಮೆಯಾಗುತ್ತದೆ. ಕ್ಲೈಂಟ್ ಬಯಸುವ ವೇಗ ನಿಜವಾಗಿ ಸಿಗುವುದು ಇಂಥ ಕಡೆ.

ಇದೇ ಲೆಕ್ಕದಲ್ಲಿ ತಾಸುಗಟ್ಟಲೆ ಓಡುವ ಆಟೋಮೇಟೆಡ್ ಟೆಸ್ಟ್‌ಗಳನ್ನು ಬೆಳಿಗ್ಗೆ 6:30ರಿಂದ 9:30ರ ಖಾಲಿ ಜಾಗಕ್ಕೆ ಹಾಕಿ. ದೋಸೆ ಹಿಟ್ಟು ಹುದುಗುವ ಹೊತ್ತಿಗೆ ಯಾರೂ ಎದ್ದಿರಬೇಕಿಲ್ಲ. ಸರ್ವರ್ ಗಡಿಯಾರ ಬಹುಪಾಲು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇರುತ್ತದೆ ಎಂಬುದು ನೆನಪಿರಲಿ: ನಮ್ಮ ಬೆಳಗಿನ 6:30 ಎಂದರೆ ಅಲ್ಲಿ ನಡುರಾತ್ರಿ ದಾಟಿ 1 ಗಂಟೆ.

ಇನ್ನೊಂದು ಸಂಗತಿಯನ್ನು ಈಗಲೇ ವಿಚಾರಿಸಿ. ಕ್ಲೈಂಟ್‌ನ ಐಟಿ ವಿಭಾಗ ಸರ್ವರ್ ರಿಪೇರಿ, ಬ್ಯಾಕಪ್, ವಿಪಿಎನ್ (ನೀವು ದೂರದಿಂದ ಅವರ ಜಾಲಕ್ಕೆ ಸೇರುವ ಸಂಪರ್ಕ) ಅಪ್‌ಡೇಟ್‌ಗಳನ್ನು "ರಾತ್ರಿ ಯಾರೂ ಇರುವುದಿಲ್ಲ" ಎಂದು ಅವರ ರಾತ್ರಿ 11ರಿಂದ 3ರ ನಡುವೆ ಇಟ್ಟುಕೊಂಡಿರುತ್ತದೆ. ಬೇಸಿಗೆಯಲ್ಲಿ ಅದು ನಮ್ಮ ಬೆಳಿಗ್ಗೆ 11:30ರಿಂದ ಮಧ್ಯಾಹ್ನ 3:30. ನಿಮ್ಮ ದಿನದ ನಟ್ಟನಡುವೆ ನಾಲ್ಕು ಗಂಟೆ ವಿಪಿಎನ್ ತೆವಳುತ್ತಿದ್ದರೆ ಯಾವ ಶಿಫ್ಟ್ ಪಟ್ಟಿಯೂ ನಿಮ್ಮನ್ನು ಕಾಪಾಡದು. ಅದನ್ನು ಅವರ ಸಂಜೆ 6:30ರಿಂದ 8:30ಕ್ಕೆ ಸರಿಸಲು ಕೇಳಿ. ಆಗ ಬೇಸಿಗೆಯಲ್ಲಿ ನಮ್ಮ ಬೆಳಗಿನ 7ರಿಂದ 9, ಎಲ್ಲರಿಗೂ ಖಾಲಿ ಹೊತ್ತು. ಟೆಸ್ಟ್ ಓಡುವ ಯಂತ್ರಗಳಿಗೆ ಆ ದಿನ ರಜೆ ಕೊಟ್ಟರಾಯಿತು.

ಅನುಮತಿಗಳದೂ ಇದೇ ಕಥೆ. ಬಿಲ್ಡ್ ಮುರಿದರೆ ಹಿಂದಕ್ಕೆ ತಿರುಗಿಸುವ ಅಧಿಕಾರ, ಲಾಗ್ ನೋಡುವ ಅಧಿಕಾರ, ಟೆಸ್ಟ್ ಡೇಟಾಬೇಸ್ ಮತ್ತೆ ತುಂಬುವ ಅಧಿಕಾರ ಮೂರೂ ಊರಿನಲ್ಲಿ ಕನಿಷ್ಠ ಇಬ್ಬರಿಗಾದರೂ ಇರಬೇಕು. ಕೀಲಿ ಒಬ್ಬರ ಹತ್ತಿರವೇ ಇದ್ದರೆ ಉಳಿದ ಎರಡು ಊರಿನವರು ಬಾಗಿಲ ಮುಂದೆ ಕೂತು ಅವರು ಏಳುವುದನ್ನು ಕಾಯುತ್ತಾರೆ. ಹೊರಡುವ ಹೊತ್ತಿಗೆ ಮರ್ಜ್ ಮಾಡುವುದೂ, ಅಂದರೆ ಹೊಸ ಕೋಡನ್ನು ಎಲ್ಲರೂ ಬಳಸುವ ಮುಖ್ಯ ಪ್ರತಿಗೆ ಸೇರಿಸುವುದೂ, ಬೇಡ. ಪಾಳಿ ಮುಗಿಯುವ ಕೊನೆಯ 90 ನಿಮಿಷ ಮುಖ್ಯ ಬ್ರಾಂಚ್‌ಗೆ ಏನೂ ಸೇರಬಾರದೆಂದು ನಿಯಮ ಮಾಡಿ. ಸೇರಿಸಿ, ಬಿಲ್ಡ್ ಮುರಿದು, ಸೇರಿಸಿದವರು ಬಸ್ಸಿನಲ್ಲಿದ್ದರೆ ಮುಂದಿನ ಊರಿನ ಇಡೀ ದಿನ ಹೋಯಿತು.

ಟಿಪ್ಪಣಿ ಹೇಗಿರಬೇಕು

"ಇನ್‌ವಾಯ್ಸ್ ಕೆಲಸ ಬಹುತೇಕ ಆಗಿದೆ, ಒಂದೆರಡು ಇಶ್ಯೂ ಇದೆ, ದಯವಿಟ್ಟು ನೋಡಿ." ಇಂಥ ಟಿಪ್ಪಣಿಯನ್ನು ನೀವೂ ಕಂಡಿರುತ್ತೀರಿ. ಇದರಲ್ಲಿ ಓದುವವರಿಗೆ ಉಪಯೋಗಕ್ಕೆ ಬರುವ ಒಂದು ಪದವೂ ಇಲ್ಲ. ಇದನ್ನೇ ಹೀಗೆ ಬರೆಯಬಹುದು (ಟಿಕೆಟ್ ಎಂದರೆ ಪಟ್ಟಿಯಲ್ಲಿ ಸಂಖ್ಯೆ ಕೊಟ್ಟ ಒಂದೊಂದು ಕೆಲಸ):

"ಟಿಕೆಟ್ 214. ತಿಂಗಳ ನಡುವೆ ಖಾಲಿ ಮಾಡಿದವರ ಬಿಲ್ ಲೆಕ್ಕ ಮುಗಿದಿದೆ, ಬಿಲ್ಡ್ 88ರಲ್ಲಿದೆ. 42 ಟೆಸ್ಟ್‌ಗಳಲ್ಲಿ 40 ಪಾಸ್. ಫೇಲಾದ ಎರಡೂ ಫೆಬ್ರವರಿ 29ಕ್ಕೆ ಸಂಬಂಧಿಸಿದವು, ಅದು ಗೊತ್ತಿದೆ, ಬುಧವಾರ ನಾನೇ ಸರಿಮಾಡುತ್ತೇನೆ, ಮುಟ್ಟಬೇಡಿ. ನೀವು ಮಾಡಬೇಕಾದದ್ದು: ಎರಡು ಗೋದಾಮು ಇರುವ ಗ್ರಾಹಕರ ಬಿಲ್ ಪರೀಕ್ಷಿಸಿ. ಒಂದು ಪ್ರಶ್ನೆ ಬಾಕಿ: ಪೈಸೆಯನ್ನು ಸಾಲುಸಾಲಿಗೆ ಪೂರ್ಣ ಮಾಡಬೇಕೇ, ಒಟ್ಟು ಮೊತ್ತಕ್ಕೆ ಮಾತ್ರವೇ? ಉತ್ತರ ಬರದಿದ್ದರೆ ಒಟ್ಟು ಮೊತ್ತಕ್ಕೆ ಎಂದು ಹಿಡಿದು ಮುಂದುವರಿಯುತ್ತೇನೆ."

ಕೊನೆಯ ವಾಕ್ಯವೇ ಇದರ ಜೀವಾಳ. ಪ್ರಶ್ನೆಯ ಜೊತೆಗೆ "ಉತ್ತರ ಬರದಿದ್ದರೆ ಹೀಗೆ ಮಾಡುತ್ತೇನೆ" ಎಂದು ಬರೆದರೆ ಮೌನ ಒಪ್ಪಿಗೆಯಾಗುತ್ತದೆ, ಕೆಲಸ ನಿಲ್ಲುವುದಿಲ್ಲ. ಮೇಲೆ ಹೇಳಿದ 22 ಗಂಟೆಯ ಕಾಯುವಿಕೆಯಲ್ಲಿ ದೊಡ್ಡ ಪಾಲು ಇದೊಂದರಿಂದಲೇ ತಪ್ಪುತ್ತದೆ. ಮೊದಲೇ ಕ್ಲೈಂಟ್ ಜೊತೆ ಒಪ್ಪಂದ ಮಾಡಿಕೊಳ್ಳಿ: ಎರಡು ದಿನದ ಒಳಗೆ ಹಿಂದಕ್ಕೆ ತಿರುಗಿಸಬಹುದಾದ ನಿರ್ಧಾರವಾದರೆ ಹೀಗೆ ಮುಂದುವರಿಯುತ್ತೀರಿ, ಹಿಂದಿರುಗಿಸಲಾಗದ್ದಾದರೆ ಕಾಯುತ್ತೀರಿ. ಬಿಲ್ಲಿಂಗ್ ಆದ್ದರಿಂದ ಗ್ರಾಹಕರಿಗೆ ಬಿಲ್ ಹೋಗುವ ಯಾವುದೂ ಎರಡನೆಯ ಗುಂಪಿಗೇ ಸೇರಬೇಕು.

ಟಿಪ್ಪಣಿಯಲ್ಲಿ ವೇಳೆ, ದಿನಾಂಕ ಬರೆಯುವಾಗ ಎಚ್ಚರ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. "ಐಎಸ್‌ಟಿ" ಎಂಬ ಮೂರಕ್ಷರ ಐರ್ಲೆಂಡ್‌ಗೂ ಇಸ್ರೇಲ್‌ಗೂ ಹೊಂದುತ್ತದೆ, ಆದ್ದರಿಂದ "ಮಂಗಳೂರು ಸಮಯ" ಎಂದೇ ಬರೆದರೆ ಚೆನ್ನ. "ನಾಳೆ", "ಇಂದು ಸಂಜೆ" ಎಂಬ ಪದಗಳನ್ನು ಬಿಟ್ಟೇಬಿಡಿ. ನಿಮ್ಮ ಶನಿವಾರ ಬೆಳಿಗ್ಗೆ ಅವರಿಗೆ ಇನ್ನೂ ಶುಕ್ರವಾರ.

ಗಡಿಯಾರ ಜಾರುವ ವಾರಗಳು

ಅಮೆರಿಕದಲ್ಲಿ ಬೇಸಿಗೆ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಶುರುವಾಗಿ ನವೆಂಬರ್‌ನ ಮೊದಲ ಭಾನುವಾರ ಮುಗಿಯುತ್ತದೆ. ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ. ನಮಗೆ ಈ ಗೊಡವೆಯೇ ಇಲ್ಲ. 2026ರ ಲೆಕ್ಕ ಹಿಡಿದರೆ ಮಾರ್ಚ್ 8ರಿಂದ 29ರವರೆಗೆ ಮೂರು ವಾರ, ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಒಂದು ವಾರ ಅಮೆರಿಕವೂ ಯುರೋಪೂ ತಾಳ ತಪ್ಪಿರುತ್ತವೆ: ಎರಡರ ನಡುವಿನ ಎಂದಿನ 9 ಗಂಟೆಯ ಅಂತರ 8 ಆಗುತ್ತದೆ. ಮೂರೂ ಕಡೆಯವರು ಸೇರುವ ಮೀಟಿಂಗ್‌ಗೆ ಯಾರೋ ಒಬ್ಬರು ಒಂದು ಗಂಟೆ ಮುಂಚೆ ಬಂದು ಕೂರುವುದು ಈ ವಾರಗಳಲ್ಲೇ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕುವಾಗ ಅದನ್ನು ಒಂದು ಊರಿನ ಸಮಯಕ್ಕೆ ಕಟ್ಟಿ, ಆ ಊರು ಯಾವುದೆಂದು ಎಲ್ಲರಿಗೂ ತಿಳಿಸಿ. ಮಂಗಳೂರಿಗೆ ಕಟ್ಟಿದರೆ ಜಾರುವ ಕಷ್ಟ ಅವರದು, ಸ್ಯಾನ್ ಹೋಸೆಗೆ ಕಟ್ಟಿದರೆ ನಿಮ್ಮದು.

ರಜೆಗಳ ಪಟ್ಟಿಯನ್ನೂ ಒಂದೇ ಹಾಳೆಗೆ ತನ್ನಿ. ನವೆಂಬರ್ 1 ನಮಗೆ ರಾಜ್ಯೋತ್ಸವ, ಪೋಲೆಂಡಿನಲ್ಲಿ ಸಕಲ ಸಂತರ ದಿನ, ಇಬ್ಬರಿಗೂ ರಜೆ. ಅಲ್ಲಿ 11ಕ್ಕೆ ಸ್ವಾತಂತ್ರ್ಯ ದಿನ, ಅಮೆರಿಕದಲ್ಲಿ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ದೀಪಾವಳಿಯೂ ಅದೇ ತಿಂಗಳಿಗೆ ಬಿದ್ದರೆ ಮೂರೂ ಊರು ಒಟ್ಟಿಗೆ ಕೆಲಸ ಮಾಡುವ ವಾರ ಅಲ್ಲೊಂದು ಇಲ್ಲೊಂದು. ಬಿಡುಗಡೆಯ ದಿನವನ್ನು ನವೆಂಬರ್‌ನಲ್ಲಿ ಇಟ್ಟುಕೊಳ್ಳಬೇಡಿ.

ಕ್ಲೈಂಟ್‌ಗೆ ಏನು ಹೇಳುವುದು

"ಆಗುವುದಿಲ್ಲ" ಎಂದು ಬರೀ ಮಾತಿನಲ್ಲಿ ಹೇಳಿದರೆ ಹೊಸ ಮ್ಯಾನೇಜರ್‌ಗೆ ಅದು ಸೋಮಾರಿತನದಂತೆ ಕೇಳಬಹುದು. ಅಂಕಿ ತೋರಿಸಿ. ಕಳೆದ ಎರಡು ಸ್ಪ್ರಿಂಟ್‌ಗಳಿಂದ (ಕೆಲವು ವಾರಗಳ ಕೆಲಸದ ಕಂತುಗಳಿಂದ) ಮುಗಿದ 30 ಟಿಕೆಟ್ ತೆಗೆದುಕೊಳ್ಳಿ. ಪ್ರತಿಯೊಂದರ ಇತಿಹಾಸ ನೋಡಿ ಎರಡು ಅಂಕಿ ಬರೆಯಿರಿ: ಯಾರದಾದರೂ ಕೈಯಲ್ಲಿದ್ದ ಹೊತ್ತು ಎಷ್ಟು, ರಿವ್ಯೂಗೋ ಉತ್ತರಕ್ಕೋ ಟೆಸ್ಟಿಂಗ್‌ಗೋ ಕಾದ ಹೊತ್ತು ಎಷ್ಟು. ಒಬ್ಬರು ಅರ್ಧ ದಿನದಲ್ಲಿ ಮಾಡಬಹುದಾದ ಕೆಲಸ.

ಗಡಿಯಾರದ ಆಟದಿಂದ ಕಡಿಮೆಯಾಗಬಹುದಾದದ್ದು ಕಾದ ಹೊತ್ತು ಮಾತ್ರ. ಉದಾಹರಣೆಗೆ ಸರಾಸರಿ ಟಿಕೆಟ್ 6 ದಿನ ತೆಗೆದುಕೊಂಡು ಅದರಲ್ಲಿ ಎರಡೂವರೆ ದಿನ ಕೈಯಲ್ಲಿ, ಮೂರೂವರೆ ದಿನ ಕಾಯುವುದರಲ್ಲಿ ಹೋಗಿದ್ದರೆ, ಕಾಯುವುದನ್ನು ಅರ್ಧಕ್ಕಿಳಿಸಿದಾಗ ಟಿಕೆಟ್ ನಾಲ್ಕೂಕಾಲು ದಿನಕ್ಕೆ ಬರುತ್ತದೆ. ಚೆನ್ನಾಗಿಯೇ ಇದೆ. ಆದರೆ ಇಡೀ ಪ್ರಾಜೆಕ್ಟು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಏಕೆಂದರೆ ಕಾಯುವಾಗ ಜನ ಸುಮ್ಮನೆ ಕೂತಿರಲಿಲ್ಲ, ಇನ್ನೊಂದು ಟಿಕೆಟ್ ಹಿಡಿದಿದ್ದರು. ಇದನ್ನು ಕ್ಲೈಂಟ್‌ಗೆ ಬಿಡಿಸಿ ಹೇಳಿ. ಒಂದು ವೇಳೆ ಕೈಯಲ್ಲಿದ್ದ ಹೊತ್ತೇ ಹೆಚ್ಚೆಂದು ಅಂಕಿ ತೋರಿಸಿದರೆ ಚರ್ಚೆ ಅಲ್ಲಿಗೇ ಮುಗಿಯಿತು: ಬೇಕಾದದ್ದು ಕೆಲಸ ಕಡಿತ ಇಲ್ಲವೇ ಜನ, ಗಡಿಯಾರ ಅಲ್ಲ.

ಜೊತೆಗೆ ಮೂರು ವಾರದ ಪ್ರಯೋಗ ಮುಂದಿಡಿ. ಮಧ್ಯಾಹ್ನದ ಬಿಲ್ಡ್, ಮೇಲಿನ ಮಾದರಿಯ ಟಿಪ್ಪಣಿ, ಟೆಸ್ಟಿಂಗ್‌ನಲ್ಲಿ ಮಾತ್ರ ದಾಟಿಸುವುದು. ಪ್ರಶ್ನೆ ಹೊತ್ತು ಹಿಂದಿರುಗಿದ ಟಿಕೆಟ್‌ಗಳನ್ನು ಎಣಿಸಿ. ಐದಕ್ಕೆ ಒಂದಕ್ಕಿಂತ ಹೆಚ್ಚು ಹಿಂದಿರುಗುತ್ತಿದ್ದರೆ ಟಿಪ್ಪಣಿ ಇನ್ನೂ ಪಳಗಿಲ್ಲ, ದಾಟಿಸುವುದನ್ನು ವಿಸ್ತರಿಸಬೇಡಿ. ಹತ್ತಕ್ಕೆ ಒಂದಕ್ಕಿಂತ ಕಡಿಮೆಯಾದರೆ ಚಿಕ್ಕ ಬಗ್‌ಗಳ ದುರಸ್ತಿಯನ್ನೂ ಸ್ಯಾನ್ ಹೋಸೆಗೆ ದಾಟಿಸಿ ನೋಡಬಹುದು. ಪ್ರಯೋಗದ ಅಂಕಿ ಕೈಗೆ ಬಂದ ಮೇಲೆ ಹೊಸ ಅಂದಾಜು ಕೊಡಿ, ಅಲ್ಲಿಯವರೆಗೆ 8 ತಿಂಗಳನ್ನು ಬಿಡಬೇಡಿ.

ಇನ್ನು ರಾತ್ರಿ ಹತ್ತರ ಕಾಲ್. ವಾರಕ್ಕೆ ನಾಲ್ಕು ಬೇಕಿಲ್ಲ, ಎರಡು ಸಾಕು. ಆ ಎರಡರ ಕಷ್ಟವನ್ನೂ ಹಂಚಿಕೊಳ್ಳಬೇಕು. ಒಂದು ಕಾಲ್ ಅವರ ಬೆಳಿಗ್ಗೆ 7:30ಕ್ಕೆ ಇರಲಿ: ನಮಗೆ ಬೇಸಿಗೆಯಲ್ಲಿ ರಾತ್ರಿ 8, ಚಳಿಗಾಲದಲ್ಲಿ 9. ಇನ್ನೊಂದು ಅವರ ಸಂಜೆ 7:30ಕ್ಕೆ: ನಮಗೆ ಮರುದಿನ ಬೆಳಿಗ್ಗೆ 8 ಅಥವಾ 9, ಮಕ್ಕಳನ್ನು ಶಾಲೆಗೆ ಬಿಡುವವರು ಮನೆಯಿಂದಲೇ ಸೇರಬಹುದು. ರಾತ್ರಿಯದಕ್ಕೆ ನಿಮ್ಮ ಕಡೆಯಿಂದ ಇಬ್ಬರು ಮಾತ್ರ ಕೂರಲಿ, ಪ್ರತಿ ತಿಂಗಳು ಸರದಿ ಬದಲಾಗಲಿ, ಉಳಿದವರು ರೆಕಾರ್ಡಿಂಗ್ ನೋಡಲಿ. ಕೂತವರು ಮರುದಿನ 11ಕ್ಕೆ ಬರುತ್ತಾರೆ ಎಂಬುದನ್ನು ನಿಮ್ಮ ಬಾಯಿಮಾತಿಗೆ ಬಿಡದೆ ಶಿಫ್ಟ್ ಪಟ್ಟಿಯಲ್ಲೇ ಅಚ್ಚು ಮಾಡಿಸಿ.